ಒಡೆಯದ ಬಟ್ಟಲುಗಳ ಊರು

ಆ ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮಗೆ ಕುತೂಹಲ ಹುಟ್ಟಿ ನೋಡಲು ಹೋಗುತ್ತೀರಿ. ಹೋದವರು ದಣಿವಾರಿಸಿಕೊಳ್ಳೋಣ ಅಂತ ಎಲ್ಲೋ ಒಂದು ಗೋಡೆ ಪಕ್ಕ ನಿಂತರೂ ಸಾಕು, ನಿಮ್ಮ ಬೆನ್ನಿಗೆ ಇನ್ನೊಬ್ಬ ಬಂದು ನಿಂತು, "ಏನು ಕೊಡ್ತಾರಂತೆ?" ಅಂತ ಕೇಳುತ್ತಾನೆ. ಅವನ ಬೆನ್ನಿಗೆ ಮತ್ತೊಬ್ಬಳು. ಮಧ್ಯಾಹ್ನದ ಹೊತ್ತಿಗೆ ನಿಮ್ಮ ಹಿಂದೆ ಅರ್ಧ ಊರು ನಿಂತಿರುತ್ತದೆ. ಅಂಥ ಊರು ಅದು.

ಅಲ್ಲಿ ಎಲ್ಲವೂ ಎಲ್ಲರದು. ಹೊಲ ಎಲ್ಲರದು, ಬಾವಿ ಎಲ್ಲರದು, ಊರ ನಡುವೆ ಎದ್ದು ನಿಂತಿದ್ದ ದೊಡ್ಡ ಕಟ್ಟಡದ ಹೆಸರೇ ಎಲ್ಲರ ಕಣಜ. ಅಲ್ಲಿ ಧಣಿ ಇಲ್ಲ, ಆಳಿಲ್ಲ, ಎಲ್ಲರೂ ಸಂಗಾತಿಗಳು. ಇದೆಲ್ಲ ಒಳ್ಳೆಯದೇ, ನಾನೇನೂ ತಕರಾರು ತೆಗೆಯುವವನಲ್ಲ. ಆದರೆ ಎಲ್ಲರದಾಗಿದ್ದ ಆ ಕಣಜದೊಳಗೆ ಏನಿದೆ, ಎಷ್ಟಿದೆ ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಸೂಜಿ ಬಂದ ತಿಂಗಳು ದಾರ ಬರುತ್ತಿರಲಿಲ್ಲ. ಸೋಪು ಬಂದ ವರ್ಷ ಬಾವಿ ಬತ್ತಿತ್ತು. ಒಂದು ಸಲ ಇಡೀ ಊರಿಗೆ ಎಡಗಾಲಿನ ಚಪ್ಪಲಿ ಹಂಚಿದರು. ಬಲಗಾಲಿನದು ಹಿಂದೆ ಬರ್ತಾ ಇದೆ ಅಂತ ಜನ ನಾಲ್ಕು ವರ್ಷ ಕಾದರು. ಆಮೇಲೆ ಎರಡು ಕಾಲಿಗೂ ಎಡಗಾಲಿನದನ್ನೇ ಹಾಕಿಕೊಂಡು ನಡೆಯುವುದನ್ನು ಕಲಿತರು. ಮನುಷ್ಯ ಏನು ಬೇಕಾದರೂ ಕಲಿತುಬಿಡುತ್ತಾನೆ ನೋಡಿ.

ತಪ್ಪದೆ ಸಿಗುತ್ತಿದ್ದದ್ದು ಅಂಬಲಿ ಒಂದೇ. ಮಗು ಹುಟ್ಟಿದ ದಿನ ಎಲ್ಲರ ಕಣಜದಿಂದ ಒಂದು ಮಣ್ಣಿನ ಬಟ್ಟಲು ಬರುತ್ತಿತ್ತು, ಅಂಚಿನಲ್ಲಿ ಆ ಮಗುವಿನದೇ ಒಂದು ಗುರುತು ಹೊತ್ತು. ಸಾಯುವ ತನಕ ಅದೇ ಬಟ್ಟಲು. ಸೂರ್ಯ ಹುಟ್ಟುವಾಗ ಕಣಜದ ಕಿಟಕಿ ತೆರೆಯುತ್ತದೆ. ಮನೆಗೊಬ್ಬರು ಬಟ್ಟಲುಗಳನ್ನು ಒಂದರೊಳಗೊಂದು ಇಟ್ಟು, ಎದೆಗವಚಿಕೊಂಡು, ಸಾಲಿನಲ್ಲಿ ನಿಲ್ಲಬೇಕು. ಕಿಟಕಿಯೊಳಗಿನಿಂದ ಬಡಿಸುವವನು ಒಂದೊಂದೇ ಬಟ್ಟಲನ್ನು ಎತ್ತಿ ಹಿಡಿದು ಕೇಳುತ್ತಾನೆ.

"ಇದ್ದಾರಾ?"

"ಇದ್ದಾರೆ."

ಒಂದು ಸೌಟು. ಮುಂದಿನ ಬಟ್ಟಲು.

"ಇದ್ದಾರಾ?"

"ಇದ್ದಾರೆ."

ಮತ್ತೊಂದು ಸೌಟು. ಮೊನ್ನೆ ಹುಟ್ಟಿದ ಕೂಸಿಗೂ 'ಇದ್ದಾರಾ' ಅಂತಲೇ ಕೇಳುತ್ತಿದ್ದ. ಮರ್ಯಾದೆಗೊಂದು ಆ ಊರಿನಲ್ಲಿ ಕೊರತೆ ಇರಲಿಲ್ಲ.

ಯಾರಾದರೂ ತೀರಿಕೊಂಡರೆ ಮನೆಯವರು ಅವರ ಬಟ್ಟಲನ್ನು ತಂದು, 'ಇದ್ದಾರಾ' ಅಂದಾಗ 'ಇಲ್ಲ' ಅನ್ನಬೇಕು. ಬಡಿಸುವವನು ಆ ಬಟ್ಟಲನ್ನು ಕಿಟಕಿಯ ಕೆಳಗಿನ ಕರೀ ಕಲ್ಲಿನ ಮೇಲೆ ಒಡೆಯುತ್ತಾನೆ. ಸದ್ದು ಬೀದಿಗೆಲ್ಲ ಕೇಳುತ್ತದೆ. ಆಮೇಲೆ ಹೊದಿಸುವುದಕ್ಕೆ ನಾಲ್ಕು ಮೊಳ ಬಿಳಿ ಬಟ್ಟೆ ಕೊಡುತ್ತಾರೆ, ಅಳುವುದಕ್ಕೆ ಮೂರು ದಿನ ಕೊಡುತ್ತಾರೆ. ಅದಕ್ಕೆ ಮುಂಚೆ ಅಳುವಂತಿಲ್ಲ. ಕಿಟಕಿಯಲ್ಲಿ ಹೇಳದ ಸಾವು ಸಾವಲ್ಲ, ಬಟ್ಟಲು ಒಡೆಯುವ ತನಕ ಸತ್ತವರು ಸತ್ತಹಾಗಲ್ಲ. ಇದು ಆ ಊರಿನ ನಿಯಮ. ಎಳೆಯ ಮಕ್ಕಳಿಗೂ ಬಾಯಿಪಾಠ.

ಈ ಊರಿನಲ್ಲಿ ಒಬ್ಬಳು ನೂಲುವವಳಿದ್ದಳು. ಬೆಳಗಿನಿಂದ ಸಂಜೆಯವರೆಗೆ ಎಲ್ಲರ ನೂಲುವ ಮನೆಯಲ್ಲಿ ನೂಲು ತೆಗೆಯುವುದು ಅವಳ ಕೆಲಸ. ಮನೆಯಲ್ಲಿ ಮೂರು ಬಟ್ಟಲು: ತನ್ನದು, ಅವ್ವನದು, ಏಳು ವರ್ಷದ ಮಗಳದು. ಗಂಡನ ಬಟ್ಟಲು ಒಡೆದು ಬಹಳ ದಿನವಾಗಿತ್ತು.

ಅವಳ ಅವ್ವ ಸಾಮಾನ್ಯದವಳಲ್ಲ. ಹಾಡಿಕೊಂಡು ಅಳುವವಳು. ಯಾರ ಬಟ್ಟಲು ಒಡೆದರೂ ಸದ್ದು ಕೇಳಿದ ಕೂಡಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಡುತ್ತಿದ್ದಳು. ಸತ್ತವರ ತಲೆಯ ಹತ್ತಿರ ಕೂತು, ಅವರು ಏನು ತಿಂದರು, ಏನು ತಿನ್ನದೆ ಹೋದರು, ಯಾರ ಮೇಲೆ ಸಿಟ್ಟಾದರು, ಯಾವ ಬಾವಿಕಟ್ಟೆಯಲ್ಲಿ ಯಾರಿಗಾಗಿ ಕಾದರು, ಎಲ್ಲ ಹೆಸರು ಹಿಡಿದು ಕರೆದು ಹಾಡುತ್ತಿದ್ದಳು. ಕಲ್ಲಿನಂಥ ಗಂಡಸರೂ ಗೋಡೆಗೆ ಮುಖ ಹಾಕಿ ಬಿಕ್ಕುತ್ತಿದ್ದರು. "ನೀನು ಹಾಡಿದ ಮೇಲೇ ನಮ್ಮಪ್ಪ ಸತ್ತದ್ದು ನನಗೆ ಗೊತ್ತಾಯಿತು ತಾಯೀ," ಅಂತ ಒಬ್ಬ ಅವಳ ಕಾಲು ಹಿಡಿದಿದ್ದನಂತೆ.

ಆ ಅವ್ವ ಒಂದು ಚಳಿಗಾಲದ ಬೆಳಿಗ್ಗೆ ಏಳಲಿಲ್ಲ. ಮೈ ತಣ್ಣಗಾಗಿತ್ತು. ನೂಲುವವಳು ಬಾಯಿಗೆ ಸೆರಗು ತುರುಕಿಕೊಂಡು ಕೂತಳು. ಪಕ್ಕದಲ್ಲಿ ಮಗಳು ಕೆಮ್ಮುತ್ತಿದ್ದಳು. ಆ ಮಗುವಿನ ಕೆಮ್ಮು ಎರಡು ತಿಂಗಳಿಂದ ನಿಂತಿರಲಿಲ್ಲ, ಪಕ್ಕೆಯ ಎಲುಬು ಒಂದೊಂದಾಗಿ ಎಣಿಸಬಹುದಿತ್ತು. ತಾಯಿ ಔಷಧಿಯ ಸಾಲಿನಲ್ಲಿ ನಿಂತು ನೋಡಿದ್ದಳು, ಅಲ್ಲಿ ಬೀಗ ಹಂಚುತ್ತಿದ್ದರು. ನೂಲುವವಳು ಅವ್ವನ ಮುಖ ನೋಡಿದಳು, ಮಗಳ ಮುಖ ನೋಡಿದಳು.

"ಅವ್ವಾ, ಒಂದೇ ಒಂದು ವಾರ," ಅಂದಳು. "ಇವಳ ಕೆಮ್ಮು ಒಂದು ನಿಲ್ಲಲಿ. ಆಮೇಲೆ ಬಟ್ಟಲು ಒಡೆಸಿ, ಇಡೀ ಊರಿಗೆ ಕೇಳೋ ಹಾಗೆ ನಿನ್ನ ಹಾಡಿಕೊಂಡು ಅಳ್ತೀನಿ. ನಿನ್ನ ಆಣೆ."

ಊರಿನ ಚೌಕದಲ್ಲಿ ಒಂದು ಕಂಬ, ಕಂಬದ ಮೇಲೆ ಒಂದು ತಗಡಿನ ಕೊಳವೆ. ಮಧ್ಯಾಹ್ನವಾದರೆ ಅದು ಸಮೃದ್ಧಿಯ ಹಾಡು ಹಾಡುತ್ತಿತ್ತು, ಗೋಡೆ ಅದುರುವಷ್ಟು ಗಟ್ಟಿಯಾಗಿ. ಅವತ್ತು ಆ ಹಾಡು ಮುಗಿಯುವುದರೊಳಗೆ ತಾಯಿ ಮಗಳು ಒಳಕೋಣೆಯ ಮೂಲೆಯನ್ನು ಅಗೆದು ಅವ್ವನನ್ನು ಮಲಗಿಸಿದರು. ಬಿಳಿ ಬಟ್ಟೆ ಇರಲಿಲ್ಲ. ಅವ್ವನ ಹಳೇ ಸೀರೆಯನ್ನೇ ಹೊದಿಸಿದರು. ಮಗಳು ಪುಟ್ಟ ಕೈಯಲ್ಲಿ ಮಣ್ಣು ತುಂಬಿ ತುಂಬಿ ಕೊಟ್ಟಳು.

"ಅಮ್ಮಾ, ಅಜ್ಜಿ ಸತ್ತೋದ್ಲಾ?"

"ಈಗಲ್ಲ," ಅಂದಳು ನೂಲುವವಳು. "ಕಿಟಕೀಲಿ ಹೇಳಿದ ಮೇಲೆ."

ಇದೊಂದು ಮಾತನ್ನು ಅವಳು ಆಡಬಾರದಿತ್ತು. ಎಲ್ಲ ಮಕ್ಕಳಿಗೂ ಎಲ್ಲ ತಾಯಂದಿರೂ ಹೇಳುವ ಮಾತೇ ಅದು, ಬಾಯಿಂದ ಹಾಗೇ ಬಂದುಬಿಟ್ಟಿತು.

ಮರುದಿನ ಬೆಳಿಗ್ಗೆ ಕಿಟಕಿಯಲ್ಲಿ ಅವ್ವನ ಬಟ್ಟಲು ಮೇಲೆ ಹೋಯಿತು.

"ಇದ್ದಾರಾ?"

"ಇದ್ದಾರೆ."

ದನಿ ನಡುಗಲಿಲ್ಲ. ನಡುಗುತ್ತದೆ, ಸಿಕ್ಕಿಬೀಳುತ್ತೇನೆ ಅಂತ ರಾತ್ರಿಯೆಲ್ಲ ಹೆದರಿದ್ದಳು. ನಡುಗದೆ ಇದ್ದದ್ದು ನೋಡಿ ಇನ್ನೂ ಹೆದರಿದಳು. ತನ್ನ ಪಾಲನ್ನು ಅಲ್ಲೇ ನಿಂತು ಕುಡಿದು, ಉಳಿದೆರಡು ಬಟ್ಟಲನ್ನು ಮನೆಗೆ ತಂದು ಮಗಳ ಮುಂದಿಟ್ಟಳು. "ಎರಡೂ ನಿಂದೇ. ಬಿಸಿಯಾಗಿರೋವಾಗಲೇ ಕುಡಿದುಬಿಡು," ಅಂದು ನೂಲುವ ಮನೆಗೆ ಓಡಿದಳು. ತಡವಾದರೆ ಅಲ್ಲಿ ರಗಳೆ.

ವಾರ ತಿಂಗಳಾಯಿತು. ಕೆಮ್ಮು ನಿಲ್ಲಲಿಲ್ಲ. ಹಾಗಾದರೆ ಇನ್ನೊಂದು ತಿಂಗಳು.

ಸಾಲಿನಲ್ಲಿ ಅವಳ ಹಿಂದೆ ಯಾವಾಗಲೂ ನಿಲ್ಲುತ್ತಿದ್ದವಳು ಮಡಕೆ ಮಾಡುವವಳು. ಊರಿನ ಬಟ್ಟಲುಗಳೆಲ್ಲ ಅವಳ ಕೈಯವೇ. ಮೊದಲೆಲ್ಲ ದಿನಾ ಸಂಜೆ ಅವ್ವನ ಹತ್ತಿರ ಬಂದು ಕೂತು ಹರಟುತ್ತಿದ್ದವಳು.

"ಅವ್ವ ಹೆಂಗವ್ಳೆ ಅಕ್ಕಾ?" ಅಂತ ಕೇಳಿದಳು ಒಂದು ದಿನ. "ಬಂದು ನೋಡ್ಕೊಂಡು ಹೋಗಣ ಅಂತೀನಿ. ಯಾಕೋ ಕಾಲೇ ಬರಲ್ಲ."

"ಚೆನ್ನಾಗವ್ಳೆ. ಮಲಗೇ ಇರ್ತಾಳೆ. ನಿಮ್ಮನೇರು?"

"ಅವರೂ ಚೆನ್ನಾಗವ್ರೆ." ಮಡಕೆಯವಳು ಬಟ್ಟಲುಗಳನ್ನು ಎದೆಗೆ ಒತ್ತಿಕೊಂಡಳು. "ಅವರೂ ಮಲಗೇ ಇರ್ತಾರೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಗ ನೂಲುವವಳಿಗೆ ಸಾಲಿನ ಉದ್ದಕ್ಕೂ ಅದೇ ಮಾತು ಕೇಳಿಸತೊಡಗಿತು. ಅಪ್ಪ ಹೇಗಿದ್ದಾರೆ, ಮಲಗಿದ್ದಾರೆ. ಕೂಸು ಹೇಗಿದೆ, ಮಲಗಿದೆ. ಊರಿನಲ್ಲಿ ಯಾರೂ ಯಾರ ಮನೆಗೂ ಹೋಗುವುದು ನಿಂತೇ ಹೋಗಿತ್ತು. ಬಾಗಿಲುಗಳೆಲ್ಲ ಮುಚ್ಚಿದ್ದವು. ಕರೀ ಕಲ್ಲಿನ ಮೇಲೆ ಧೂಳು ಕೂತಿತ್ತು.

ಬೇಸಗೆ ಬಂದಾಗ ಕಂಬ ಒಂದು ಸುದ್ದಿ ಹೇಳಿತು. ಸಂಗಾತಿಗಳೇ, ಈ ಊರಿನಲ್ಲಿ ಒಂದು ವರ್ಷದಿಂದ ಒಂದೇ ಒಂದು ಬಟ್ಟಲೂ ಒಡೆದಿಲ್ಲ. ನಾವು ಸಾವನ್ನು ಗೆದ್ದಿದ್ದೇವೆ. ಇನ್ನು ಮುಂದೆ ಯಾರಾದರೂ ಕಿಟಕಿಯಲ್ಲಿ 'ಇಲ್ಲ' ಎಂದು ಹೇಳಿ ಈ ಗೆಲುವಿಗೆ ಮಸಿ ಬಳಿದರೆ, ಅವರ ಮನೆಯಿಂದ ಹಿಡಿದು ಊರಿನ ಪ್ರತಿ ಮನೆಯನ್ನೂ ಹೊಕ್ಕು ಶೋಧಿಸಲಾಗುವುದು. ಇಷ್ಟು ಹೇಳಿ ಕಂಬ ಸಮೃದ್ಧಿಯ ಹಾಡು ಹಾಕಿತು. ಚೌಕದಲ್ಲಿ ನಿಂತ ಜನ ಚಪ್ಪಾಳೆ ತಟ್ಟಿದರು. ನೂಲುವವಳೂ ತಟ್ಟಿದಳು. ತಟ್ಟದೆ ಏನು ಮಾಡುತ್ತಾಳೆ, ಪಾಪ.

ಮಳೆಗಾಲದ ಒಂದು ದಿನ ನೂಲುವ ಮನೆಗೆ ಹತ್ತಿ ಬರಲಿಲ್ಲ. ಬಾರದ ಹತ್ತಿಯನ್ನು ಮಧ್ಯಾಹ್ನದ ತನಕ ಕಾದು, ಹೆಂಗಸರನ್ನು ಮನೆಗೆ ಕಳಿಸಿದರು. ಬೆಳಕಿರುವಾಗ ಮನೆಗೆ ಬಂದು ಎಷ್ಟು ಕಾಲವಾಯಿತು ಅಂದುಕೊಳ್ಳುತ್ತ ನೂಲುವವಳು ಬಾಗಿಲು ತಳ್ಳಿದಳು. ಒಳಕೋಣೆಯಿಂದ ಮಗಳ ದನಿ ಬರುತ್ತಿತ್ತು.

"ಮೆಲ್ಲಗೆ ಕುಡಿ ಅಜ್ಜಿ. ಇವತ್ತು ಉಪ್ಪಿಲ್ಲ, ಬೈಬೇಡ. ಉಪ್ಪು ಬರ್ತದಂತೆ."

ಮಗಳು ಮೂಲೆಯಲ್ಲಿ ಮಂಡಿಯೂರಿ ಕೂತಿದ್ದಳು. ಅಜ್ಜಿಯ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ನೆಲ ಹೀರಿಕೊಳ್ಳುವಷ್ಟೇ ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ಮಣ್ಣಿಗೆ ಬಗ್ಗಿಸುತ್ತಿದ್ದಳು. ಒಂದು ಹನಿಯನ್ನೂ ಉಳಿಸಲಿಲ್ಲ. ಆಮೇಲೆ ಸೆರಗಿಲ್ಲದ ತನ್ನ ಲಂಗದ ತುದಿಯಿಂದ ನೆಲವನ್ನು ಒರೆಸಿದಳು, ಬಾಯಿ ಒರೆಸುವ ಹಾಗೆ.

ಎಂಟು ತಿಂಗಳು! ಆ ಮೂಲೆಯ ಮಣ್ಣು ಒದ್ದೆಯಾಗಿರುವುದನ್ನು ನೂಲುವವಳು ನೋಡಿದ್ದಳು, ಬಚ್ಚಲ ನೀರು ಇಂಗಿರಬೇಕು ಅಂದುಕೊಂಡಿದ್ದಳು. ಮಗಳ ಮೈ ತುಂಬದಿರುವುದನ್ನೂ ನೋಡಿದ್ದಳು, ಕೆಮ್ಮು ತಿಂದುಹಾಕುತ್ತಿದೆ ಅಂದುಕೊಂಡಿದ್ದಳು. ಎಂಟು ತಿಂಗಳು ಅವಳು ಹೇಳಿದ ಸುಳ್ಳಿನ ಸೌಟೆಲ್ಲ ಮಣ್ಣಿಗೆ ಹೋಗಿತ್ತು.

"ಅಯ್ಯೋ ನನ್ನ ಕಂದಾ, ಏನು ಮಾಡಿಬಿಟ್ಟೆ!" ಅಂತ ಮಗಳನ್ನು ಬಾಚಿ ತಬ್ಬಿಕೊಂಡಳು. "ಅದು ನಿಂಗೆ ಅಂತ ತರ್ತಿದ್ದೆ ಕಣೇ. ಅಜ್ಜಿ ಇಲ್ಲ. ಅಜ್ಜಿ ಸತ್ತೋಗಿ ಎಷ್ಟೋ ದಿನ ಆಯ್ತು."

ಮಗಳು ತಾಯಿಯ ಮುಖವನ್ನೇ ನೋಡಿದಳು.

"ಸತ್ತಿದ್ರೆ ಬಟ್ಟಲು ಒಡೀತಿತ್ತಲ್ಲ? ನೀನು ಅಳ್ತಿದ್ದೆಯಲ್ಲ?"

"ಅಳೋ ಹಾಗಿರಲಿಲ್ಲ ಮಗಾ."

"ನೀನೇ ದಿನಾ ಕಿಟಕೀಲಿ ಇದ್ದಾರೆ ಅಂತೀಯ. ಒಂದಿನ ನಾನೂ ಬಂದಿದ್ನಲ್ಲ, ಕೇಳಿಸ್ಕೊಂಡೆ."

"ಅದು ಸುಳ್ಳು. ಅಂಬಲಿಗೋಸ್ಕರ ಹೇಳೋದು."

"ಕಿಟಕೀಲಿ ಸುಳ್ಳು ಹೇಳಬಾರದು ಅಂತ ನೀನೇ ಹೇಳಿಕೊಟ್ಟಿದ್ದು," ಅಂದಳು ಮಗಳು. ಅವಳಿಗೆ ಅಳು ಬಂದಿತ್ತು. "ಅಜ್ಜೀದು ನಾನು ಕುಡಿದ್ರೆ ಅಜ್ಜಿ ಏನು ಕುಡೀತಾಳೆ?"

ನೂಲುವವಳು ಬೈದಳು, ಬೇಡಿಕೊಂಡಳು, ಒಂದು ಏಟೂ ಹಾಕಿದಳು, ಹಾಕಿದ ಕೈಯನ್ನೇ ನೆಲಕ್ಕೆ ಬಡಿದುಕೊಂಡಳು. ಎರಡು ಬಟ್ಟಲಿನದನ್ನೂ ಬೆರೆಸಿ ಕೊಟ್ಟು ನೋಡಿದಳು. ಮಗಳು ಸರಿಯಾಗಿ ಅರ್ಧ ಕುಡಿದು ಅರ್ಧ ಉಳಿಸಿದಳು. ಬಾಯಿಗೆ ಹಿಡಿದರೆ ಹಲ್ಲು ಕಚ್ಚಿದಳು. ತಾಯಿ ನೂಲುವ ಮನೆಗೆ ಹೋದ ಮೇಲೆ ಕೇಳುವವರು ಯಾರು? ತನ್ನ ಪಾಲಿನಿಂದಲೂ ಒಂದಿಷ್ಟು ತೆಗೆದು ಮೂಲೆಗೆ ಹಾಕತೊಡಗಿದಳು, ಅಜ್ಜಿಗೆ ಸಿಟ್ಟು ಬಂದಿರಬಹುದು ಅಂತ.

ಆಗ ನೂಲುವವಳಿಗೆ ಒಂದೇ ದಾರಿ ಕಂಡಿತು. ಈ ಮಗು ಉಣ್ಣಬೇಕಾದರೆ ಅವ್ವ ಸಾಯಬೇಕು. ಅವ್ವ ಸಾಯಬೇಕಾದರೆ ಬಟ್ಟಲು ಒಡೆಯಬೇಕು. ಕಲ್ಲಿನ ಸದ್ದು ಮಗಳ ಕಿವಿಗೆ ಬೀಳಬೇಕು, ತಾನು ಮೂರು ದಿನ ಗಟ್ಟಿಯಾಗಿ ಅಳುವುದನ್ನು ಅವಳು ಕಣ್ಣಾರೆ ನೋಡಬೇಕು. ಆಮೇಲೆ ಶೋಧಿಸಲಿ, ಎಳೆದುಕೊಂಡು ಹೋಗಲಿ, ಏನು ಬೇಕಾದರೂ ಆಗಲಿ.

ಮರುದಿನ ಬೆಳಿಗ್ಗೆ ಸಾಲಿನಲ್ಲಿ ನಿಂತಳು. ಅವಳ ಸರದಿ ಬಂತು. ಮಗಳ ಬಟ್ಟಲು ಮೇಲೆ ಹೋಯಿತು.

"ಇದ್ದಾರಾ?"

"ಇದ್ದಾರೆ."

ಅವ್ವನ ಬಟ್ಟಲು ಮೇಲೆ ಹೋಯಿತು.

"ಇದ್ದಾರಾ?"

"ಇಲ್ಲ," ಅಂದಳು ನೂಲುವವಳು.

ಬಡಿಸುವವನ ಸೌಟು ಗಾಳಿಯಲ್ಲೇ ನಿಂತಿತು.

"ನನಗೆ ಕೇಳಿಸಲಿಲ್ಲ ಸಂಗಾತಿ," ಅಂದ ಅವನು. "ಇದ್ದಾರಾ?"

"ಇಲ್ಲಪ್ಪಾ. ನಮ್ಮವ್ವ ಇಲ್ಲ. ಚಳಿಗಾಲದಲ್ಲೇ ಹೋದಳು. ಒಡೆದುಬಿಡು ಅದನ್ನ."

ಹಿಂದಿನಿಂದ ಮಡಕೆಯವಳ ಕೈ ಅವಳ ಭುಜ ಹಿಡಿಯಿತು. "ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಸುಮ್ಕಿರು," ಅಂತ ಕಿವಿಯಲ್ಲಿ ಹೇಳಿದಳು. "ನನ್ನ ಹತ್ರ ಐದು ಬಟ್ಟಲವೆ. ಉಣ್ಣೋರು ಮೂರೇ ಜನ. ಮನೆ ಹೊಕ್ಕು ನೋಡಿದ್ರೆ ಆ ಮೂವರ ಗತಿ ಏನು?"

"ನನ್ನ ಮಗು ಸಾಯ್ತದೆ ಕಣೇ."

"ಎಲ್ಲರ ಮಕ್ಕಳೂ ಸಾಯ್ತವೆ ಅಕ್ಕಾ," ಅಂದು ಮಡಕೆಯವಳು ಕಿಟಕಿಯ ಕಡೆ ಮುಖ ಎತ್ತಿ ಗಟ್ಟಿಯಾಗಿ ಕೂಗಿದಳು, "ಇದ್ದಾರೆ!"

ಅವಳ ಹಿಂದಿನವನು ಕೂಗಿದ, "ಇದ್ದಾರೆ!" ಅವನ ಹಿಂದಿನವಳು, ಅವಳ ಹಿಂದಿನ ಮುದುಕ, ತಿರುವಿನಲ್ಲಿ ನಿಂತವರು, ಕಿಟಕಿಯೇ ಕಾಣದಷ್ಟು ದೂರದಲ್ಲಿದ್ದವರು, ಎಲ್ಲರೂ ತಮ್ಮ ತಮ್ಮ ಬಟ್ಟಲುಗಳನ್ನು ಎದೆಗವಚಿಕೊಂಡು ಕೂಗಿದರು. ಇದ್ದಾರೆ, ಇದ್ದಾರೆ, ಇದ್ದಾರೆ. ಕೂಗುತ್ತ ಕೂಗುತ್ತ ಕೆಲವರ ದನಿ ಒಡೆಯಿತು. ತಮ್ಮ ತಮ್ಮವರನ್ನೇ ಅವರು ಕೂಗುತ್ತಿದ್ದರು. ಅಷ್ಟು ದೊಡ್ಡ ದನಿಯಲ್ಲಿ ನೂಲುವವಳ 'ಇಲ್ಲ' ಎಲ್ಲೋ ಹೋಯಿತು.

ಬಡಿಸುವವನು ಗಡಿಬಿಡಿಯಲ್ಲಿ ಸೌಟು ಬಗ್ಗಿಸಿದ. ಅರ್ಧ ಅವನ ಕೈ ಮೇಲೇ ಚೆಲ್ಲಿತು. "ತಗೊಂಡು ಹೋಗು ತಾಯೀ," ಅಂದ ಮೆಲ್ಲಗೆ. ಸಂಗಾತಿ ಅನ್ನುವುದೂ ಅವನಿಗೆ ಮರೆತಿತ್ತು. "ನಂದೂ ಎರಡವೆ ಮನೇಲಿ."

ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಅಂತ ನೂಲುವವಳು ದಾರಿಯುದ್ದಕ್ಕೂ ಪ್ರಯತ್ನಪಟ್ಟಳು. ಬರಲಿಲ್ಲ. ಯಾರ ಮೇಲೆ ಅಂತ ಮಾಡಿಕೊಳ್ಳುತ್ತಾಳೆ? ಮಗಳು ಹೊಸಿಲ ಮೇಲೆ ನಿಂತು ಕಾಯುತ್ತಿದ್ದಳು, ಕಣ್ಣು ಅರಳಿಸಿಕೊಂಡು.

"ಇಲ್ಲಿಗೂ ಕೇಳಿಸ್ತು ಅಮ್ಮಾ! ಇಡೀ ಊರೇ ಹೇಳ್ತಲ್ಲ, ಅಜ್ಜಿ ಇದಾಳೆ ಅಂತ." ತುಂಬಿದ ಬಟ್ಟಲನ್ನು ತಾಯಿಯ ಕೈಯಿಂದ ಇಸಿದುಕೊಂಡು, ಚೆಲ್ಲದ ಹಾಗೆ ಹೆಜ್ಜೆ ಹಾಕುತ್ತ ಮೂಲೆಗೆ ಹೋದಳು.

ಆ ಮಗು ಮುಂದಿನ ಚಳಿಗಾಲದ ತನಕ ಇತ್ತು. ಕೊನೆಯ ದಿನಗಳಲ್ಲಿ ಎದ್ದು ಮೂಲೆಗೆ ಹೋಗುವುದಕ್ಕೂ ಆಗುತ್ತಿರಲಿಲ್ಲ. "ನೀನು ಹಾಕು," ಅಂತ ತಾಯಿಗೆ ಹೇಳುತ್ತಿತ್ತು. ಹಾಕುವುದನ್ನು ಕಣ್ಣಲ್ಲೇ ನೋಡಿ ಸಮಾಧಾನವಾದ ಮೇಲೆ ತನ್ನದು ಎರಡು ಗುಟುಕು ಕುಡಿಯುತ್ತಿತ್ತು. ಒಂದು ಬೆಳಿಗ್ಗೆ ಅದೂ ಬೇಡವಾಯಿತು.

ಮಧ್ಯಾಹ್ನ ಕಂಬ ಹಾಡು ಶುರುಮಾಡಿದಾಗ ಬಾಗಿಲು ತಟ್ಟಿದ ಸದ್ದಾಯಿತು. ಮಡಕೆಯವಳು. ಯಾರು ಹೇಳಿದರೋ, ಹೇಗೆ ಗೊತ್ತಾಯಿತೋ. ಒಂದು ವರ್ಷದಲ್ಲಿ ಆ ಹೊಸಿಲು ದಾಟಿ ಬಂದವಳು ಅವಳೊಬ್ಬಳೇ. ಮಣ್ಣು ಕಲಸುವ ಕೈಯಿಂದ ನೆಲ ಅಗೆದಳು. ಅಜ್ಜಿಯ ಪಕ್ಕದಲ್ಲೇ ಮಗುವನ್ನು ಇಟ್ಟರು. ನೂಲುವವಳು ತಲೆಯ ಹತ್ತಿರ ಕೂತು ಬಾಯಿ ತೆರೆದಳು. ಹೇಗೂ ಕಂಬ ಅಷ್ಟು ಗಟ್ಟಿಯಾಗಿ ಹಾಡುತ್ತಿದೆ, ಒಂದೇ ಒಂದು ಸೊಲ್ಲು ಹಾಡಿಕೊಂಡರೆ ಯಾರಿಗೂ ಕೇಳುವುದಿಲ್ಲ ಅಂದುಕೊಂಡಳು. ಅವ್ವ ಹೇಗೆ ಶುರುಮಾಡುತ್ತಿದ್ದಳು ಅಂತ ನೆನೆದಳು. ಮೊದಲನೆಯ ಮಾತೇ ನೆನಪಾಗಲಿಲ್ಲ. ಎಷ್ಟು ಹೊತ್ತು ಬಾಯಿ ತೆರೆದು ಕೂತರೂ ನೆನಪಾಗಲಿಲ್ಲ. ಹಾಡು ಮುಗಿಯಿತು, ಮಡಕೆಯವಳು ಕೈ ತೊಳೆದುಕೊಂಡು ಹೋದಳು.

ಮರುದಿನ ಸೂರ್ಯ ಹುಟ್ಟಿದ. ನೂಲುವವಳು ಮೂರು ಬಟ್ಟಲುಗಳನ್ನು ಒಂದರೊಳಗೊಂದು ಇಟ್ಟುಕೊಂಡು ಸಾಲಿನಲ್ಲಿ ನಿಂತಳು. ತನ್ನದಕ್ಕೆ ಒಂದು ಸೌಟು ಬಿತ್ತು. ಅವ್ವನದಕ್ಕೆ 'ಇದ್ದಾರೆ' ಅಂದಳು, ಒಂದು ಸೌಟು ಬಿತ್ತು. ಮೂರನೆಯದು, ಚಿಕ್ಕದು, ಮೇಲೆ ಹೋಯಿತು. ಬಡಿಸುವವನು ಅದರ ಅಂಚಿನ ಗುರುತನ್ನು ಹೆಬ್ಬೆರಳಿನಿಂದ ಸವರಿದ.

"ಇದ್ದಾರಾ?"

ಹಿಂದೆ ಸಾಲು ಉಸಿರೆಳೆದುಕೊಂಡಿದ್ದು ಅವಳಿಗೆ ಕೇಳಿಸಿತು. ಅವಳು ಸುಮ್ಮನಿದ್ದರೆ, ತಡವರಿಸಿದರೆ, ಅವಳ ಪರವಾಗಿ ಕೂಗುವುದಕ್ಕೆ ಎಲ್ಲರೂ ಸಿದ್ಧವಾಗಿದ್ದರು. ಅಷ್ಟು ಕಷ್ಟ ಅವರಿಗೆ ಕೊಡಲಿಲ್ಲ ಅವಳು.

"ಇದ್ದಾರೆ," ಅಂದಳು.

ಸಾಲು ಉಸಿರು ಬಿಟ್ಟಿತು. ಮೂರನೆಯ ಸೌಟೂ ಬಿತ್ತು.

ಮನೆಗೆ ಬಂದು ಮೂರು ಬಟ್ಟಲನ್ನೂ ಸಾಲಾಗಿ ಮುಂದಿಟ್ಟುಕೊಂಡು ಕೂತಳು. ಅವತ್ತು ಅಂಬಲಿಗೆ ಉಪ್ಪು ಹಾಕಿದ್ದರು. ಮೂಲೆಯ ಕಡೆ ಒಂದು ಸಲ ನೋಡಿದಳು. ಹಸಿವಾಗಿತ್ತು. ಹಿಂದಿನ ದಿನವೆಲ್ಲ ಏನೂ ಕುಡಿದಿರಲಿಲ್ಲ. ತನ್ನದನ್ನು ಕುಡಿದಳು. ಇನ್ನೂ ಹಸಿವಿತ್ತು, ಅವ್ವನದನ್ನೂ ಕುಡಿದಳು. ಆಮೇಲೆ ಚಿಕ್ಕ ಬಟ್ಟಲನ್ನು ಎತ್ತಿಕೊಂಡು, ನಿಧಾನವಾಗಿ, ತಳ ಕಾಣುವವರೆಗೂ ಕುಡಿದಳು.

ಹೊಟ್ಟೆ ತುಂಬಿತು. ಬುದ್ಧಿ ಬಂದಾಗಿನಿಂದ ಅವಳ ಹೊಟ್ಟೆ ತುಂಬಿದ್ದು ಅದೇ ಮೊದಲು. ಒಂದು ಸಣ್ಣ ತೇಗು ಬಂತು, ಅದನ್ನು ತಡೆಯುವುದಕ್ಕೆ ಅಂತ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು, ಹಾಗೇ ಬಹಳ ಹೊತ್ತು ಕೂತಿದ್ದಳು.

ಆಮೇಲೆ ಎದ್ದು ಮೂರು ಬಟ್ಟಲನ್ನೂ ತೊಳೆದಳು. ನಾಳೆಗೆ ಬೇಕಲ್ಲ.